ಎರಡು ಬೆರಳಿನ ಮಾಸ್ತರು

ನಮ್ಮ ಮನೆಯವರಿಗೆ ಕುಡಿತ ಇರಲಿಲ್ಲ, ಬೀಡಿ ಸಿಗರೇಟು ಇರಲಿಲ್ಲ. ಇದ್ದ ಚಟ ಒಂದೇ, ಕಂಡವರ ಕುತ್ತಿಗೆಗೆ ಕೈ ಹಾಕುವುದು. ಮನೆಗೆ ಬಂದ ನೆಂಟರು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಸಾಕು, ನೀರು ಕೊಡುವ ಮೊದಲೇ ಅವರ ದವಡೆಯ ಕೆಳಗೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ನನ್ನ ಅತ್ತಿಗೆ ಇದೇ ಕಾರಣಕ್ಕೆ ಎರಡು ವರ್ಷ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ನಾನು ಬೈದರೆ, "ಹತ್ತು ಸೆಕೆಂಡಿನ ಕೆಲಸ ಕಣೇ, ಅದಕ್ಕೆ ಯಾಕಿಷ್ಟು ರಂಪ" ಎನ್ನುವರು.

ಊರಿಗೆಲ್ಲ ಅವರು ಎರಡು ಬೆರಳಿನ ಮಾಸ್ತರು. ಹೋದ ಮೇಲೂ ಆ ಬೆರಳುಗಳು ಸುಮ್ಮನಿರಲಿಲ್ಲ ಎಂಬುದನ್ನು ಹೇಳಲು ಕೂತಿದ್ದೇನೆ. ನಾನು ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದವಳು. ಹೆಣ ತೊಳೆದಿದ್ದೇನೆ, ಶವಾಗಾರದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಊಟ ಮಾಡಿದ್ದೇನೆ, ದೆವ್ವ ಗಿವ್ವ ಎಂದವರನ್ನು ಗದರಿಸಿ ಕಳಿಸಿದ್ದೇನೆ. ಹಾಗಾಗಿ ನಂಬಿ ಎಂದು ಯಾರನ್ನೂ ಬೇಡುವುದಿಲ್ಲ. ಕೇಳಿ, ಅಷ್ಟೇ.

ನಗರಸಭೆಯ ಮೈದಾನದಲ್ಲಿ ಓಟ ಕಲಿಸುವುದು ಅವರ ಕೆಲಸ. ಮುಚ್ಚಿಹೋದ ಗಿರಣಿಯ ಹಿಂದುಗಡೆ ನಾನೂರು ಮೀಟರಿನ ಮಣ್ಣಿನ ಸುತ್ತು, ಒಂದು ತಗಡಿನ ಶೆಡ್ಡು, ಅದರೊಳಗೆ ತುಕ್ಕು ಹಿಡಿದ ಹರ್ಡಲ್‌ಗಳು, ಹೊರಗೆ ಒಂದು ನಲ್ಲಿ. ಅಲ್ಲಿ ಯಾರೂ ಗಂಟೆಗಟ್ಟಲೆ ಓಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಮೈ ಮುರಿಯುವ ಓಟ, ಆಮೇಲೆ ವಿರಾಮ, ಮತ್ತೆ ಓಟ. ಅದೂ ಎಲ್ಲರಿಗೂ ಒಂದೇ ಲೆಕ್ಕವಲ್ಲ. "ನಿನ್ನ ವಾರ್ಡಲ್ಲಿ ಎಲ್ಲಾ ರೋಗಿಗೂ ಒಂದೇ ಮಾತ್ರೆ ಕೊಡ್ತೀಯಾ? ಇಲ್ಲ ತಾನೆ? ಇದೂ ಹಾಗೇ" ಎಂದು ನನಗೇ ಪಾಠ ಮಾಡುವರು.

ನೂರು, ಇನ್ನೂರು ಮೀಟರಿನವರಿಗೆ ಮೂವತ್ತು ಸೆಕೆಂಡು ಜೀವ ಬಿಟ್ಟು ಓಟ, ನಾಲ್ಕು ನಿಮಿಷ ವಿರಾಮ. ದೂರದ ಓಟದವರಿಗೆ ನಾಲ್ಕು ನಿಮಿಷ ಜೋರು, ಮೂರು ನಿಮಿಷ ಮೆಲ್ಲಗೆ. ಫುಟ್‌ಬಾಲಿನವರಿಗೆ ಹದಿನೈದು ಸೆಕೆಂಡು ಓಟ, ಹದಿನೈದು ಸೆಕೆಂಡು ನಡಿಗೆ, ಯಾಕೆಂದರೆ ಆಟದಲ್ಲಿ ಎದುರಾಳಿ ನಾಲ್ಕು ನಿಮಿಷ ಕಾಯುತ್ತಾ ನಿಲ್ಲುವುದಿಲ್ಲ. ಬೆಂಕಿ ಆರಿಸುವ ಇಲಾಖೆಯವರಿಗೆ ಇಪ್ಪತ್ತು ಸೆಕೆಂಡು ಕೂತೆದ್ದು ಹಾರುವುದು, ಹತ್ತು ಸೆಕೆಂಡು ಉಸಿರು, ಹೀಗೆ ಎಂಟು ಸಲ. ಬೆನ್ನ ಮೇಲೆ ಭಾರ ಹೊತ್ತು ಮಹಡಿ ಹತ್ತುವವರಿಗೆ ಅದೇ ಸರಿ ಎನ್ನುವರು. ನಾನು ಕಳಿಸುತ್ತಿದ್ದ ಸಕ್ಕರೆ ಕಾಯಿಲೆಯವರಿಗೆ ಒಂದು ನಿಮಿಷ ಬಿರುಸು ನಡಿಗೆ, ಎರಡು ನಿಮಿಷ ಆರಾಮ.

ಆದರೆ ಈ ನಿಮಿಷ ಸೆಕೆಂಡುಗಳೆಲ್ಲ ಅಂದಾಜಿಗೆ ಮಾತ್ರ. ವಿರಾಮ ಮುಗಿಯಿತೋ ಇಲ್ಲವೋ ಎಂದು ಹೇಳುತ್ತಿದ್ದದ್ದು ಅವರ ಬೆರಳು. ಓಡಿ ಬಂದವರ ಕುತ್ತಿಗೆಗೆ ಕೈಯಿಟ್ಟು ಹತ್ತು ಸೆಕೆಂಡು ಎಣಿಸುವರು. ನಾಡಿ ಇಪ್ಪತ್ತಕ್ಕೆ ಇಳಿದರೆ ಶಿಳ್ಳೆ, ಇಳಿಯದಿದ್ದರೆ ಕೈ ಅಲ್ಲೇ. ಪುಟ್ಟ ವಿರಾಮದವರಿಗೆ ಅಷ್ಟೂ ಸಲ ಮುಗಿದ ಮೇಲೆ ಈ ಪರೀಕ್ಷೆ. ಗುಂಪಿನಲ್ಲಿ ಯಾರದು ಎಲ್ಲರಿಗಿಂತ ತಡವಾಗಿ ಇಳಿಯುತ್ತದೋ ಅವರ ಕುತ್ತಿಗೆಯೇ ಎಲ್ಲರ ಗಡಿಯಾರ. ಹೆಚ್ಚಾಗಿ ಅದು ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಒಬ್ಬ ಹೆಂಗಸಿನದು. ಅವಳಿಗೆ ನಿಧಾನಿ ಎಂದೇ ಹೆಸರು ಬಿದ್ದಿತ್ತು. ಉಳಿದವರು ಗೊಣಗಿದರೆ ಮಾಸ್ತರು, "ಓಡೋದು ಕತ್ತೆಗೂ ಬರುತ್ತೆ. ನಿಲ್ಲೋದು ಕಲೀರಿ" ಎನ್ನುವರು.

ಅವರ ಕೈ ಬೇಸಿಗೆಯಲ್ಲೂ ತಣ್ಣಗೆ. ಮಧ್ಯದ ಬೆರಳ ತುದಿ ಯಾವ ಕಾಲದಲ್ಲೋ ಹರ್ಡಲ್‌ಗೆ ಸಿಕ್ಕಿ ಹರಿದು, ಮರಳುಕಾಗದದಷ್ಟು ಒರಟಾಗಿ ಕೂಡಿಕೊಂಡಿತ್ತು. ನೋವಿನ ಮುಲಾಮಿನ ವಾಸನೆ ಕೈಬಿಟ್ಟು ಹೋಗುತ್ತಿರಲಿಲ್ಲ. ನಾವಿಬ್ಬರು ಜಗಳಕ್ಕೆ ನಿಂತರೂ ಅಷ್ಟೇ, ನಾನು ಬಾಯಿಗೆ ಬಂದಂತೆ ಅನ್ನುತ್ತಿರುವಾಗ ಹತ್ತಿರ ಬಂದು ಕುತ್ತಿಗೆಗೆ ಬೆರಳಿಟ್ಟು, "ಇಪ್ಪತ್ತೆರಡು ಇದೆ. ಇಳೀಲಿ, ಆಮೇಲೆ ಮುಂದುವರಿಸೋಣ" ಎನ್ನುವರು. ಇಂಥವರ ಜೊತೆ ಜಗಳ ಆಡುವುದಾದರೂ ಹೇಗೆ? ಮಗಳು ಮೂಲೆಯಲ್ಲಿ ಕೂತು ಕಿಸಿಕಿಸಿ ನಗುವಳು. ಹುಟ್ಟಿದಾಗಿನಿಂದ ಒಂದು ಕಡೆ ನಿಂತವಳಲ್ಲ, ಅವಳನ್ನು ಮಿಡತೆ ಎಂದು ಕರೆದವರೂ ಅವರೇ.

ಹೋದ ವರ್ಷ ಒಂದು ಬೆಳಿಗ್ಗೆ ಅವರು ಮೈದಾನದಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಪಾತ್ರೆ ತಿಕ್ಕುತ್ತಿದ್ದೆ. "ಸ್ವಲ್ಪ ನನ್ನ ನಾಡಿ ನೋಡೇ" ಎಂದರು. ಇಪ್ಪತ್ತೇಳು ವರ್ಷದಲ್ಲಿ ಅವರು ಈ ಮಾತು ಕೇಳಿದ್ದು ಅದೊಂದೇ ಸಲ.

"ಕೈ ಒದ್ದೆ ಇದೆ ರೀ. ಸಂಜೆ ನೋಡ್ತೀನಿ" ಎಂದೆ. ತಿರುಗಿ ಕೂಡ ನೋಡಲಿಲ್ಲ.

"ಆಯ್ತು" ಎಂದು ಹೊರಗಿನ ಕೋಣೆಗೆ ಹೋದರು. ಪಾತ್ರೆ ಮುಗಿಸಿ ಚಹಾ ತೆಗೆದುಕೊಂಡು ಹೋದಾಗ ಕುರ್ಚಿಯಲ್ಲಿ ಕೂತೇ ಇದ್ದರು, ತಲೆ ಎಡಕ್ಕೆ ವಾಲಿತ್ತು. ಬಲಗೈಯ ಎರಡು ಬೆರಳು ಅವರದೇ ಕುತ್ತಿಗೆಯ ಮೇಲೆ. ಎಡಗೈಯಲ್ಲಿ ಸ್ಟಾಪ್‌ವಾಚು ಇನ್ನೂ ಓಡುತ್ತಿತ್ತು. ಇಪ್ಪತ್ಮೂರು ನಿಮಿಷ ಆಗಿತ್ತು. ಊರಿನ ಸಾವಿರಾರು ಜನರ ನಾಡಿ ನೋಡಿದ ಕೈ ನನ್ನದು, ಕಟ್ಟಿಕೊಂಡ ಗಂಡನದು ನೋಡಲಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ, ಮಿಡತೆಗಂತೂ ಹೇಳಲೇ ಇಲ್ಲ. ಅಂದಿನಿಂದ ನಾನು ಯಾರ ಕುತ್ತಿಗೆಯನ್ನೂ ಮುಟ್ಟಲಿಲ್ಲ.

ನಗರಸಭೆ ಬೇರೆ ಮಾಸ್ತರನ್ನು ಕಳಿಸಲಿಲ್ಲ. ಹದಿನಾಲ್ಕು ಜನ ದಿನವೂ ಬಂದು ಶೆಡ್ಡಿನ ಮುಂದೆ ನಿಲ್ಲತೊಡಗಿದ ಮೇಲೆ ಮಿಡತೆಯೇ ಮುಂದೆ ಬಂದಳು. ಅವಳು ಎಂಟುನೂರು ಮೀಟರಿನ ಓಟಗಾರ್ತಿ. ಹತ್ತು ವಾರದಲ್ಲಿ ಆಯ್ಕೆಯ ಓಟ ಇತ್ತು, ಇಪ್ಪತ್ಮೂರು ವರ್ಷದ ಒಳಗಿನವರ ತಂಡಕ್ಕೆ. ಅವಳಿಗೆ ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಅಪ್ಪ ಅವಳಿಗೆ ಬರೆದುಕೊಟ್ಟಿದ್ದು ಹೀಗೆ: ಸೋಮವಾರ ವೇಗಕ್ಕಾಗಿ ಮೂವತ್ತು ಸೆಕೆಂಡಿನ ಓಟ ಆರು ಸಲ, ನಡುವೆ ನಾಲ್ಕು ನಿಮಿಷ, ಗುರುವಾರ ದಮ್ಮಿಗಾಗಿ ಮೂರು ನಿಮಿಷ ಜೋರು, ಮೂರು ನಿಮಿಷ ಮೆಲ್ಲಗೆ, ಉಳಿದ ದಿನ ಹಗುರ. ಅವಳು ಒಂದು ಕಪ್ಪು ಸ್ಪೀಕರ್ ತಂದು ಫೋನಿಗೆ ಜೋಡಿಸಿದಳು. ಅದು ಸೆಕೆಂಡು ತಪ್ಪದೆ ಪೀಂ ಎನ್ನುವುದು, ಯಾರ ಕುತ್ತಿಗೆಯನ್ನೂ ಕೇಳುವುದಿಲ್ಲ. ನಾಲ್ಕು ನಿಮಿಷವನ್ನು ಮೂರಕ್ಕೆ ಇಳಿಸಿದಳು, ಮೂರನ್ನು ಒಂದೂವರೆಗೆ. ಸಾಲದು ಎಂದು ಬೆಂಕಿಯವರ ಇಪ್ಪತ್ತು-ಹತ್ತರ ಲೆಕ್ಕವನ್ನೂ ದಿನಾ ಸಂಜೆ ತನಗೆ ಹಚ್ಚಿಕೊಂಡಳು.

"ಅಪ್ಪ ಹೀಗೆ ಹೇಳಿರಲಿಲ್ವಲ್ಲೇ" ಎಂದೆ.

"ಅಪ್ಪ ನಿಲ್ಲಿಸಿ ನಿಲ್ಲಿಸಿಯೇ ನನ್ನನ್ನ ಹಿಂದೆ ಹಾಕಿದ್ರು ಅಮ್ಮ. ನಂಗೆ ಟೈಮಿಲ್ಲ" ಎಂದಳು.

ಮೂರನೇ ವಾರ ಬೆಂಕಿ ಇಲಾಖೆಯ ಮೀಸೆಯಣ್ಣ ಮನೆಗೆ ಬಂದ. ಉರಿಯುವ ಕಟ್ಟಡದೊಳಗೆ ನುಗ್ಗುವ ಆಳು, ಅಂಗಿಯ ಕಾಲರನ್ನು ಕಿವಿಯವರೆಗೆ ಎತ್ತಿಕೊಂಡು ಬಾಗಿಲಲ್ಲೇ ನಿಂತಿದ್ದ. "ಅಕ್ಕಾ, ಒಂದು ಮಾತು. ನಗಬಾರದು" ಎಂದ.

"ನಗೋ ಕಾಲವಾ ಇದು? ಹೇಳು."

"ವಿರಾಮದಲ್ಲಿ ಯಾರೋ ಕುತ್ತಿಗೆ ಮುಟ್ತಾರೆ."

"ಬೆವರು ಇಳೀತಿರುತ್ತೆ. ಟವೆಲ್ ಇಟ್ಕೋ."

"ಬೆವರಿಗೆ ಬೆರಳಿರುತ್ತಾ ಅಕ್ಕ? ಎರಡು ಬೆರಳು. ಒಂದು ನುಣುಪು, ಒಂದು ಒರಟು." ಅವನು ನೆಲ ನೋಡುತ್ತಾ ಹೇಳಿದ. "ಇಪ್ಪತ್ತು ಆಗೋವರೆಗೂ ಬಿಡಲ್ಲ. ನಾನೇ ಎಣಿಸಿ ನೋಡಿದೆ."

ತಲೆಗೆ ನೀರು ಹಾಕಿಕೊಂಡು ಮಲಗು ಎಂದು ಬೈದು ಕಳಿಸಿದೆ. ಬಾಗಿಲು ಹಾಕಿದ ಮೇಲೆ ಚಿಲಕ ಬಿದ್ದಿದೆಯೋ ಎಂದು ಎರಡು ಸಲ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಎರಡು ದಿನದ ಮೇಲೆ ಸಂಜೆ ಮಿಡತೆ ನೀರಿನ ಬಾಟಲಿ ಮರೆತು ಹೋಗಿದ್ದಳು. ಕೊಡೋಣವೆಂದು ಹೋದೆ. ಇನ್ನೂ ಬೆಳಕಿತ್ತು. ಓಟ ಮುಗಿಸಿ ಎಲ್ಲರೂ ಸುತ್ತಿನ ಮೇಲೆ ಅಲ್ಲಲ್ಲಿ ನಿಂತಿದ್ದರು. ಹದಿನಾಲ್ಕು ಜನರೂ ತಲೆಯನ್ನು ಎಡಕ್ಕೆ ವಾಲಿಸಿ, ಬಲಗಡೆಯ ಕುತ್ತಿಗೆ ಬಿಟ್ಟುಕೊಟ್ಟು, ಕಣ್ಣು ಮುಚ್ಚಿದ್ದರು. ಮಾಸ್ತರಿಗೆ ಜಾಗ ಮಾಡಿಕೊಡುತ್ತಿದ್ದ ರೀತಿ ಅದು. ಸ್ಪೀಕರ್ ಪೀಂ ಎಂದಿತು. ಮಿಡತೆ ಒಬ್ಬಳೇ ಓಡಿದಳು. ಉಳಿದವರು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಫುಟ್‌ಬಾಲಿನವನೊಬ್ಬ ತಲೆ ನೆಟ್ಟಗೆ ಮಾಡಿ ಕಣ್ಣು ಬಿಟ್ಟ, ಆಮೇಲೆ ಇನ್ನೊಬ್ಬ, ಆಮೇಲೆ ಮೀಸೆಯಣ್ಣ. ಆದರೂ ಯಾರೂ ಹೊರಡಲಿಲ್ಲ, ನಿಧಾನಿಯ ಕಡೆಗೇ ನೋಡುತ್ತಾ ನಿಂತರು.

ನಾನು ಅವಳ ಹತ್ತಿರ ಹೋಗಿ, "ಯಾಕಮ್ಮ, ಶಬ್ದ ಆಯ್ತಲ್ಲ, ಹೋಗಲ್ವಾ" ಎಂದು ಕೇಳಿದೆ.

ಅವಳು ಕಣ್ಣು ಬಿಡದೆಯೇ ಸಮಾಧಾನವಾಗಿ ಹೇಳಿದಳು: "ಸರ್ ಇನ್ನೂ ಕೈ ತೆಗೆದಿಲ್ಲ ಅಕ್ಕ."

ಗಾಳಿಯೇ ಇರಲಿಲ್ಲ. ಅವಳ ಪಕ್ಕದಲ್ಲಿ ಮುಲಾಮಿನ ವಾಸನೆ ಬಂತು. ಬಾಟಲಿಯನ್ನು ನಲ್ಲಿಯ ಕಟ್ಟೆಯ ಮೇಲಿಟ್ಟು, ಹಿಂದೆ ನೋಡದೆ ಮನೆಗೆ ಬಂದೆ.

ಮಿಡತೆ ಬಂದವಳೇ ಚೀಲ ಎಸೆದು ಗೋಡೆಗೆ ಒರಗಿ ಕೂತಳು. "ನೀನೂ ನೋಡಿದೆ ತಾನೆ?" ಎಂದಳು.

"ಏನಿಲ್ಲ. ಎಲ್ಲರಿಗೂ ಅಭ್ಯಾಸ ಆಗಿಬಿಟ್ಟಿದೆ, ಅಷ್ಟೇ."

"ಎಲ್ಲರ ಹತ್ರಾನೂ ಬರ್ತಾರೆ. ಆ ಸಕ್ಕರೆ ಕಾಯಿಲೆ ಅಜ್ಜನ ಹತ್ರಾನೂ ಬರ್ತಾರೆ. ನನ್ನ ಹತ್ರ ಮಾತ್ರ ಬರಲ್ಲ." ಅವಳು ಶೂ ದಾರ ಎಳೆದು ಬಿಚ್ಚಿದಳು. "ನಾನೇ ಮಗಳು. ದಿನಾ ನಿಂತು ಕಾದೆ ಅಮ್ಮ, ಮೊದಲ ವಾರ ಪೂರ್ತಿ. ಬರಲೇ ಇಲ್ಲ. ಬರದಿದ್ರೆ ಬೇಡ, ನಾನು ಯಾರಿಗೋಸ್ಕರ ನಿಲ್ಲಲಿ?"

ಹತ್ತಿರ ಕೂತು ಕುತ್ತಿಗೆ ಸವರಬೇಕು ಅನ್ನಿಸಿತು, ಕೈ ಏಳಲಿಲ್ಲ. ತಲೆ ಸವರಿ ಊಟಕ್ಕೆ ಎಬ್ಬಿಸಿದೆ.

ಆಯ್ಕೆಗೆ ಎರಡು ವಾರ ಇದೆ ಎನ್ನುವಾಗ ಅವಳಿಗೆ ಜ್ವರ ಬಂತು, ಮೈಕೈ ನೋವು, ಗಂಟಲು ನೋವು. ಜ್ವರ ಬಿಟ್ಟ ಮೇಲೂ ಒಂದು ವಾರ ಓಡಬಾರದು ಎನ್ನುವುದು ಮಾಸ್ತರ ಕಟ್ಟುನಿಟ್ಟು. ನನಗೂ ಗೊತ್ತಿತ್ತು. ಆದರೆ ಜ್ವರದ ಕಣ್ಣಲ್ಲಿ ಅವಳು, "ಅಮ್ಮ, ಮಾತ್ರೆ ಕೊಡು ಸಾಕು" ಎಂದು ಬೇಡಿದಾಗ ಕೊಟ್ಟೆ. ನರ್ಸು ನಾನು, ನನಗೆ ನಾನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕಿತ್ತು. ನಾಲ್ಕನೇ ದಿನಕ್ಕೆ ಮತ್ತೆ ಪೀಂ, ಮತ್ತೆ ಓಟ.

ಆಯ್ಕೆಗೆ ಇನ್ನು ನಾಲ್ಕು ದಿನ. ಅವತ್ತು ಅವಳು ಮೈದಾನದಿಂದ ನಗುತ್ತಾ ಬಂದಳು. ಅಂಥ ನಗು ನೋಡಿ ತಿಂಗಳುಗಳಾಗಿದ್ದವು. "ಅಮ್ಮ, ಅಪ್ಪ ಬಂದ್ರು" ಎಂದಳು. ತಲೆ ಎಡಕ್ಕೆ ವಾಲಿತ್ತು. ರಾತ್ರಿ ಊಟಕ್ಕೂ ಹಾಗೇ ಕೂತಳು, ವಾಲಿದ ತಲೆಯಲ್ಲೇ ತುತ್ತು ಬಾಯಿಗಿಟ್ಟಳು. ಬೆಳಿಗ್ಗೆ ಎದ್ದಾಗಲೂ ಹಾಗೇ. "ಇನ್ನೂ ಇದಾರೆ" ಎಂದಳು, ಈಗ ನಗು ಇರಲಿಲ್ಲ. ಎರಡನೇ ದಿನ ನೋಡುತ್ತೇನೆ, ದವಡೆಯ ಕೆಳಗೆ ಎರಡು ಬಿಳಿಚಿದ ಗುರುತು, ಬೆರಳೊತ್ತಿ ಹಿಡಿದರೆ ರಕ್ತ ಸರಿದು ಆಗುತ್ತದಲ್ಲ, ಹಾಗೆ. ಮೂರನೇ ದಿನ ಅವಳು ಮೆಟ್ಟಿಲ ಮೇಲೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದಳು. ಹನ್ನೆರಡೇ ಮೆಟ್ಟಿಲು.

"ನರ ಹಿಡ್ಕೊಂಡಿರಬೇಕು" ಎಂದು ನಾನು ಬಿಸಿನೀರಿನ ಚೀಲ ಕೊಟ್ಟೆ. ನಾಡಿ ನೋಡಬೇಕಿತ್ತು. ಆ ಜಾಗ ಮುಟ್ಟಲು ನನಗೆ ಧೈರ್ಯವಿರಲಿಲ್ಲ. ಮುಟ್ಟಿದರೆ ಅಲ್ಲಿ ಏನು ಸಿಗುತ್ತದೋ ಎಂಬ ಭಯ ಒಂದು ಕಡೆ. ಅವರಿಗೆ ಇಲ್ಲವೆಂದ ಕೈ ಇದು ಎಂಬ ಸಂಕಟ ಇನ್ನೊಂದು ಕಡೆ.

"ನನ್ನ ತಡೀತಿದಾರೆ" ಎಂದಳು ಮಿಡತೆ. "ಬದುಕಿದ್ದಾಗ್ಲೂ ಅದೇ, ಈಗ್ಲೂ ಅದೇ. ನಾನು ಓಡೇ ಓಡ್ತೀನಿ." ಹಠ ಹಿಡಿದರೆ ಜಪ್ಪಯ್ಯ ಅಂದರೂ ಬಿಡುವವಳಲ್ಲ.

ಆಯ್ಕೆಯ ಬೆಳಿಗ್ಗೆ ಅವಳು ಕುತ್ತಿಗೆಗೆ ಅಗಲದ ಪ್ಲಾಸ್ಟರ್ ಪಟ್ಟಿ ಅಂಟಿಸಿಕೊಂಡು ಹೊರಟಳು. ನಾನೂ ಬಸ್ಸು ಹತ್ತಿದೆ. ದೊಡ್ಡ ಕ್ರೀಡಾಂಗಣ, ಪಕ್ಕದಲ್ಲಿ ಮೈ ಬಿಸಿ ಮಾಡಿಕೊಳ್ಳುವ ಹುಲ್ಲಿನ ಅಂಗಳ. ಹೆಣ್ಣುಮಕ್ಕಳೆಲ್ಲ ಜಿಗಿಯುತ್ತಿದ್ದರು. ಇವಳು ಬೆಂಚಿನ ಮೇಲೆ ಕೂತಿದ್ದಳು. ಓಡಿರಲಿಲ್ಲ, ಜಿಗಿದಿರಲಿಲ್ಲ, ತುಟಿ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ನನಗೆ ಗೊತ್ತು. ವಾರ್ಡಿನಲ್ಲಿ ಅದನ್ನು ಕಂಡರೆ ಓಡಿಹೋಗಿ ಡಾಕ್ಟರನ್ನು ಕರೆಯುತ್ತಿದ್ದೆವು.

"ನಾಡಿ ಕೊಡು, ನೋಡ್ತೀನಿ" ಎಂದೆ.

"ನೀನು ಯಾವತ್ತು ನೋಡಿದೀಯಾ ಅಮ್ಮ?" ಎಂದಳು. ಸುಮ್ಮನೆ ಸಿಟ್ಟಿಗೆ ಅಂದ ಮಾತು, ಅವಳಿಗೇನು ಗೊತ್ತು. ನನ್ನ ಎದೆಗೆ ನೇರ ತಾಗಿತು.

ಸೆರಗಿಗೆ ಕೈ ಒರೆಸಿಕೊಂಡೆ. ಪಟ್ಟಿ ಕಿತ್ತು ಆ ಬಿಳಿಚಿದ ಜಾಗಕ್ಕೆ ಬೆರಳಿಟ್ಟೆ. ಅಲ್ಲಿ ಆಗಲೇ ಬೆರಳುಗಳಿದ್ದವು. ತಣ್ಣಗೆ, ಒಂದು ನುಣುಪು, ಒಂದು ಒರಟು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಹೇಗೆಂದು ಈಗಲೂ ಗೊತ್ತಿಲ್ಲ. ಆ ಬೆರಳುಗಳು ಮೆಲ್ಲಗೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟುಕೊಟ್ಟವು.

ಎಣಿಸಿದೆ. ಕೂತಲ್ಲೇ ಕೂತ ಓಟಗಾರ್ತಿಗೆ ಹತ್ತು ಸೆಕೆಂಡಿಗೆ ಒಂಬತ್ತು ಇರಬೇಕು. ಇಪ್ಪತ್ತಾರು ಇತ್ತು. ಅದೂ ನಡುನಡುವೆ ತಪ್ಪುತ್ತಿತ್ತು, ಎರಡು ಬಡಿದು ಒಂದು ಕಾಣೆ, ಮತ್ತೆ ನಾಲ್ಕು ಒಟ್ಟಿಗೆ.

"ನೀನು ಓಡಲ್ಲ" ಎಂದೆ.

ಮೈಕಿನಲ್ಲಿ ಎಂಟುನೂರು ಮೀಟರಿನವರನ್ನು ಕರೆದರು. ಮಿಡತೆ ಎದ್ದು ನಿಂತಳು. ನಾನೂ ಎದ್ದೆ, ಕೈ ತೆಗೆಯಲಿಲ್ಲ. "ಬಿಡು ಅಮ್ಮ, ಇದು ಕೊನೇದು. ನಂಗೆ ಮತ್ತೆ ಸಿಗಲ್ಲ" ಎಂದಳು. ಅಳುತ್ತಿದ್ದಳು.

ಆಗ ಹೇಳಿದೆ. "ಅವತ್ತು ಬೆಳಿಗ್ಗೆ ನಿಮ್ಮಪ್ಪ ನನ್ನ ಹತ್ರ ಬಂದು ನಾಡಿ ನೋಡು ಅಂದ್ರು. ಕೈ ಒದ್ದೆ ಇದೆ, ಸಂಜೆ ನೋಡ್ತೀನಿ ಅಂದೆ. ಸಂಜೆ ಬರಲಿಲ್ಲ. ನಾನು ನೋಡಿದ್ರೆ ಅವರು ಇರ್ತಿದ್ರೋ ಏನೋ. ನಿನ್ನದನ್ನ ನೋಡಿದೀನಿ. ಇನ್ನು ಕೈ ತೆಗೆಯಲ್ಲ. ಓಡೋದಾದ್ರೆ ನನ್ನನ್ನ ಎಳ್ಕೊಂಡೇ ಓಡು."

ಅವಳು ನನ್ನ ಮುಖ ನೋಡಿದಳು. ಎರಡನೇ ಸಲ ಕರೆದರು. ಮೂರನೇ ಸಲ ಅವಳ ಸಂಖ್ಯೆಯನ್ನೇ ಹೇಳಿ ಕರೆದರು. ಅವಳು ತಲೆಯನ್ನು ಎಡಕ್ಕೆ ವಾಲಿಸಿ ಕಣ್ಣು ಮುಚ್ಚಿದಳು. ಗೋಡೆಯ ಆಚೆ ಪಿಸ್ತೂಲಿನ ಸದ್ದು ಕೇಳಿತು, ಜನರ ಕೂಗು ಎದ್ದು ಇಳಿಯಿತು. ನಾವಿಬ್ಬರು ಹುಲ್ಲಿನ ಮೇಲೆ ಹಾಗೇ ನಿಂತಿದ್ದೆವು. ಓಟ ಮುಗಿದ ಮೇಲೆ ಆ ಬೆರಳುಗಳು ಅಲ್ಲಿರಲಿಲ್ಲ, ನನ್ನವು ಮಾತ್ರ ಇದ್ದವು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ಜ್ವರ ಹೃದಯಕ್ಕೆ ಇಳಿದಿದೆ, ಹೃದಯದ ಸ್ನಾಯು ಊದಿಕೊಂಡಿದೆ ಎಂದರು ಡಾಕ್ಟರು. "ಎಂಟುನೂರು ಮೀಟರಾ? ಇವತ್ತಾ? ಅರ್ಧಕ್ಕೇ ಬೀಳ್ತಿದ್ರು" ಎಂದು ಕಾಗದದಿಂದ ತಲೆ ಎತ್ತದೆ ಹೇಳಿದರು. ಆರು ತಿಂಗಳು ಓಟವಿಲ್ಲ. ಆ ತಂಡ ಅವಳನ್ನು ಬಿಟ್ಟು ಹೋಯಿತು. ಮಿಡತೆ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಅಪ್ಪನ ವಿಷಯಕ್ಕೋ ಓಟದ ವಿಷಯಕ್ಕೋ ನಾನು ಕೇಳಲಿಲ್ಲ. ಒಂದು ದಿನ ತಾನಾಗಿಯೇ ಬಂದು ಪಕ್ಕದಲ್ಲಿ ಕೂತು, ತಲೆ ವಾಲಿಸಿ, "ನೋಡು" ಎಂದಳು. ಹತ್ತು ಇತ್ತು.

ಈಗ ಮೈದಾನಕ್ಕೆ ಬೆಳಿಗ್ಗೆ ನಾನೂ ಹೋಗುತ್ತೇನೆ. ಸ್ಪೀಕರ್ ಶೆಡ್ಡಿನಲ್ಲಿದೆ. ಮಿಡತೆ ಲೆಕ್ಕ ಹೇಳುತ್ತಾಳೆ, ಯಾರಿಗೆ ಮೂವತ್ತು, ಯಾರಿಗೆ ಹದಿನೈದು ಎಂದು. ನಾನು ನಿಧಾನಿಯ ಕುತ್ತಿಗೆಗೆ ಬೆರಳಿಟ್ಟು ಎಣಿಸಿ ಶಿಳ್ಳೆ ಊದುತ್ತೇನೆ. ಅವರ ಬೆರಳು ಈಗ ಅಲ್ಲಿ ಯಾರಿಗೂ ಸಿಗುವುದಿಲ್ಲ. ಮೀಸೆಯಣ್ಣ ಕಾಲರ್ ಇಳಿಸಿದ್ದಾನೆ, ಆದರೆ ಒಂದಿಷ್ಟು ಬೇಜಾರಿನಲ್ಲಿದ್ದಾನೆ ಎಂದು ನನ್ನ ಗುಮಾನಿ.

ಮೊನ್ನೆ ಮೈದಾನದಿಂದ ಬಂದು ಪಾತ್ರೆ ತಿಕ್ಕುತ್ತಿದ್ದೆ. ಮಿಡತೆ ಸ್ನಾನಕ್ಕೆ ಹೋಗಿದ್ದಳು. ಅಡುಗೆಮನೆಯಲ್ಲಿ ಮುಲಾಮಿನ ವಾಸನೆ ಬಂತು, ಆಮೇಲೆ ನನ್ನ ದವಡೆಯ ಕೆಳಗೆ ತಣ್ಣಗೆ ಎರಡು ಬೆರಳು. ನಲ್ಲಿ ನಿಲ್ಲಿಸಿದೆ. ಸೆರಗಿಗೆ ಕೈ ಒರೆಸಿಕೊಂಡೆ, ಎರಡೂ ಕೈ, ಬೆರಳ ಸಂದಿಯನ್ನೂ ಬಿಡದೆ. ಒಣಗಿದ ಕೈಯನ್ನು ಹಿಂದಕ್ಕೆ ಚಾಚಿ, "ಇಲ್ಲಿ ಕೊಡಿ ರೀ, ಈಗ ನಾನು ನೋಡ್ತೀನಿ" ಎಂದೆ.

ಕೈಗೆ ಏನೂ ಸಿಗಲಿಲ್ಲ. ಬೆರಳುಗಳು ಮಾತ್ರ ನನ್ನ ಕುತ್ತಿಗೆಯ ಮೇಲೆ ಹಾಗೇ ಇದ್ದವು. ನನ್ನದು ಇಪ್ಪತ್ತಕ್ಕೆ ಇಳಿಯುವವರೆಗೆ ಅವರು ಕಾದರು.